ಪ್ರೇಮದ ನಗೆ: ಯಾವುದು ನೋಡತಕ್ಕದ್ದು?

‘ಸಿನಿಮಾ ನೋಡಬೇಡಿ’ ಎಂದು ಹೇಳುವುದು ಬಹಳ ಸುಲಭ. ಹೇಳಿದವರ ಕೆಲಸ ಅಲ್ಲಿಗೆ ಮುಗಿಯುತ್ತದೆ, ಕೇಳಿಸಿಕೊಂಡವರ ಕೈಯಲ್ಲಿ ಮೊಬೈಲ್ ಹಾಗೆಯೇ ಉಳಿಯುತ್ತದೆ. ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೊರಟ ಬಸ್ಸಿನಲ್ಲಿ ಕೂತವರನ್ನೇ ನೋಡಿ. ದರ್ಗಾಕ್ಕೆ ಹರಕೆ ಹೊತ್ತವರು, ಪೇಟೆಯ ಕೆಲಸ ಮುಗಿಸಿಕೊಂಡವರು, ಕಾಲೇಜು ಬಿಟ್ಟು ಊರಿಗೆ ಮರಳುವ ಹುಡುಗ ಹುಡುಗಿಯರು, ಎಲ್ಲರ ಅಂಗೈಯಲ್ಲೂ ಒಂದೊಂದು ಟಾಕೀಸು ನಡೆಯುತ್ತಿರುತ್ತದೆ. ಒಬ್ಬರು ತೆಲುಗಿನ ಹಾಸ್ಯದ ತುಣುಕು ನೋಡುತ್ತಿದ್ದರೆ, ಪಕ್ಕದವರು ಹಿಂದಿಯ ಪ್ರೇಮಗೀತೆಗೆ ತಲೆದೂಗುತ್ತಿರುತ್ತಾರೆ. ಹೀಗಿರುವಾಗ ನೋಡಬೇಕೇ ಬೇಡವೇ ಎಂಬ ಚರ್ಚೆಗೆ ಅರ್ಥವಿಲ್ಲ. ಯಾವುದನ್ನು ನೋಡಬೇಕು ಎಂಬ ಪ್ರಶ್ನೆಯೊಂದೇ ಉಳಿದಿರುವುದು. ಅದಕ್ಕೆ ಉತ್ತರ ಹೇಳಬೇಕಾದವರು ಮಾತ್ರ ಸುಮ್ಮನಿದ್ದಾರೆ.

ಸದ್ಯಕ್ಕೆ ನಮ್ಮ ನಡುವೆ ಎರಡು ಉತ್ತರಗಳು ಚಾಲ್ತಿಯಲ್ಲಿವೆ. ಮೊದಲನೆಯದು ಕಟ್ಟುನಿಟ್ಟಿನ ಹಿರಿಯರದು: ಪ್ರೇಮದ ಸಿನಿಮಾ ಎಂದರೆ ಮಕ್ಕಳನ್ನು ಕೆಡಿಸುವ ಸಿನಿಮಾ, ಯಾವುದೂ ಬೇಡ. ಎರಡನೆಯದು ತುಸು ಉದಾರಿಗಳದು: ‘ಮನೆಮಂದಿಯೆಲ್ಲ ಕೂತು ನೋಡುವಂಥದ್ದು’ ಆದರೆ ಪರವಾಗಿಲ್ಲ. ಮುತ್ತಿಲ್ಲ, ಅರೆಬೆತ್ತಲೆ ಕುಣಿತವಿಲ್ಲ, ದ್ವಂದ್ವಾರ್ಥದ ಮಾತಿಲ್ಲ, ಕೊನೆಗೆ ಮದುವೆಯಾಗುತ್ತದೆ. ಇಷ್ಟಿದ್ದರೆ ಅದು ಸಭ್ಯ ಚಿತ್ರ. ಈ ಎರಡೂ ಉತ್ತರಗಳು ತಪ್ಪು ಎಂಬುದು ನಮ್ಮ ವಾದ. ಮೊದಲನೆಯದು ಯಾರೂ ಪಾಲಿಸದ ಆದೇಶ. ಎರಡನೆಯದು ಅದಕ್ಕಿಂತ ಅಪಾಯಕಾರಿ. ಅದು ನಾಯಕಿಯ ಬಟ್ಟೆಯನ್ನು ಅಳೆಯುತ್ತದೆ, ನಾಯಕನ ನಡತೆಯನ್ನು ಅಳೆಯುವುದಿಲ್ಲ.

ನಮ್ಮ ಅಳತೆಗೋಲಿನಲ್ಲಿ ಎರಡೇ ಪ್ರಶ್ನೆಗಳಿವೆ. ಹುಡುಗಿ ‘ಬೇಡ’ ಎಂದಾಗ ಸಿನಿಮಾ ಏನು ಮಾಡುತ್ತದೆ? ನಮ್ಮನ್ನು ನಗಿಸುವಾಗ ಯಾರನ್ನು ತೋರಿಸಿ ನಗಿಸುತ್ತದೆ? ಈ ಎರಡಕ್ಕೂ ಸರಿಯಾದ ಉತ್ತರ ಕೊಡುವ ಪ್ರೇಮ-ಹಾಸ್ಯದ ಚಿತ್ರವನ್ನು ಹಿರಿಯರು ಕಿರಿಯರೆನ್ನದೆ ನೋಡಬಹುದು. ಉತ್ತರ ಕೊಡಲಾಗದ ಚಿತ್ರ ಎಷ್ಟೇ ‘ಸಾಂಸಾರಿಕ’ವಾಗಿದ್ದರೂ ಮನೆಯೊಳಗೆ ಬಿಟ್ಟುಕೊಳ್ಳಲು ಯೋಗ್ಯವಲ್ಲ.

ಮುರುಗಮಲ್ಲದಲ್ಲಿ ನಿಂತು ನೋಡಿದರೆ

ಈ ಮಾತಿಗೆ ಮುರುಗಮಲ್ಲವೇ ಏಕೆ ಎಂದು ಕೇಳಬಹುದು. ಚಿಂತಾಮಣಿ ತಾಲೂಕಿನ ಈ ಹೋಬಳಿ ಊರಿನಲ್ಲಿ ಅಮ್ಮಾಜಾನ್-ಬಾವಾಜಾನ್ ದರ್ಗಾ ಇದೆ, ಮುಕ್ತೀಶ್ವರನ ಗುಡಿಯೂ ಇದೆ. ದರ್ಗಾಕ್ಕೆ ಬರುವವರಲ್ಲಿ ಮುಸ್ಲಿಮರೆಷ್ಟೋ ಹಿಂದೂಗಳೂ ಅಷ್ಟೇ ಭಕ್ತಿಯಿಂದ ಬರುತ್ತಾರೆ. ಆಂಧ್ರದ ಗಡಿ ಹತ್ತಿರ. ಇಲ್ಲಿನ ಒಂದೇ ಅಂಗಡಿಯ ಮುಂದೆ ತೆಲುಗು, ಕನ್ನಡ, ದಖನಿ ಮೂರೂ ಭಾಷೆ ಒಂದೇ ಉಸಿರಿನಲ್ಲಿ ಓಡಾಡುತ್ತವೆ. ಇದೇ ತಾಲೂಕಿನ ಕೈವಾರದ ಯೋಗಿ ನಾರೇಯಣರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದವರು. ಕೋಲಾರದಿಂದ ಬೇರ್ಪಟ್ಟು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾದ ಈ ನೆಲದಲ್ಲಿ ಮೂರು ಭಾಷೆಯ ಸಿನಿಮಾಗಳೂ ‘ನಮ್ಮ ಸಿನಿಮಾ’ಗಳೇ. ಬೇರೆ ಕಡೆ ಒಂದೊಂದಾಗಿ ಕಾಣುವ ರೋಗ ಮತ್ತು ಔಷಧಿ ಎರಡೂ ಇಲ್ಲಿನವರ ಮೊಬೈಲಿನಲ್ಲಿ ಒಟ್ಟಿಗೆ ಸಿಗುತ್ತವೆ.

ಮೊದಲು ರೋಗವನ್ನು ನೋಡೋಣ. ಇಲ್ಲಿನ ಹಿರಿಯರು ಇಂದಿಗೂ ಮೆಚ್ಚಿ ಮಾತಾಡುವ ತೆಲುಗು ಚಿತ್ರ ‘ಗುಂಡಮ್ಮ ಕಥ’ (1962). ಅದರ ಬೇರು ಕನ್ನಡದಲ್ಲಿದೆ. 1958ರ ನಮ್ಮ ‘ಮನೆ ತುಂಬಿದ ಹೆಣ್ಣು’ ಚಿತ್ರವೇ ಅದಕ್ಕೆ ಮೂಲ. ನಗೆಯೇನೋ ಧಾರಾಳವಾಗಿದೆ. ಆದರೆ ಮುದ್ದಿನಿಂದ ಬೆಳೆದು ಸೊಕ್ಕಿದ ಮಗಳ ಹಟ ಮುರಿದು ಅವಳನ್ನು ‘ದಾರಿಗೆ ತರುವುದು’ ಅದರ ಸಂತೋಷದ ಒಂದು ದೊಡ್ಡ ಭಾಗ. ಕನ್ನಡದಲ್ಲಿ 1989ರ ‘ನಂಜುಂಡಿ ಕಲ್ಯಾಣ’ ಅದೇ ಕಥೆಯನ್ನು ಇನ್ನೂ ಜೋರಾಗಿ ಹೇಳಿತು. ಶೇಕ್ಸ್‌ಪಿಯರ್ ನಾಲ್ಕು ಶತಮಾನಗಳ ಹಿಂದೆ ಬರೆದ, ಗಯ್ಯಾಳಿಯನ್ನು ಪಳಗಿಸುವ ನಾಟಕದ ಎಳೆಯೇ ಅದರಲ್ಲೂ ಇದೆ. ಆ ಚಿತ್ರದಿಂದ ಮಾಲಾಶ್ರೀ ಮನೆಮಾತಾದರು. ಅವರ ಚುರುಕುತನವನ್ನು ನಾವೂ ಮೆಚ್ಚುತ್ತೇವೆ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಚಿತ್ರದ ಅರ್ಧಭಾಗ ನಮ್ಮನ್ನು ಹಿಡಿದಿಡುವುದು ಆ ಹುಡುಗಿಯ ಗತ್ತು. ಉಳಿದ ಅರ್ಧಭಾಗ ನಮ್ಮನ್ನು ನಗಿಸುವುದು ಆ ಗತ್ತನ್ನು ಮುರಿಯುವುದರಿಂದ. ನಾಯಕಿಯಲ್ಲಿ ಯಾವುದನ್ನು ಕಂಡು ಪ್ರೇಕ್ಷಕರು ಮರುಳಾದರೋ ಅದನ್ನೇ ಕೊಲ್ಲುವ ಕೆಲಸಕ್ಕೆ ಕಲ್ಯಾಣ ಎಂದು ಹೆಸರಿಟ್ಟರು. ಮನೆಮಂದಿಯೆಲ್ಲ ಕೂತು ಚಪ್ಪಾಳೆ ಹೊಡೆದರು.

ಪಳಗಿಸುವ ನಾಯಕನಿಗೆ ವಯಸ್ಸಾದ ಮೇಲೆ ಬೆನ್ನು ಬೀಳುವ ನಾಯಕ ಬಂದ. ಮೂರು ಭಾಷೆಯಲ್ಲೂ ಅವನ ಕಸುಬು ಒಂದೇ. ಹುಡುಗಿಯ ಕಾಲೇಜಿನ ಗೇಟಿನಲ್ಲಿ ನಿಲ್ಲುವುದು, ಬಸ್ಸಿನಲ್ಲಿ ಹಿಂಬಾಲಿಸುವುದು, ಅವಳ ಮನೆಯವರನ್ನು ಬುಟ್ಟಿಗೆ ಹಾಕಿಕೊಳ್ಳುವುದು, ಅವಳು ಬೈದರೆ ಗೆಳೆಯರ ಕಡೆ ತಿರುಗಿ ಕಣ್ಣು ಮಿಟುಕಿಸುವುದು. ಅವಳ ‘ಬೇಡ’ ಎಂಬ ಮಾತು ಆ ಗೆಳೆಯರ ಪಾಲಿಗೆ ನಗೆಹನಿ. ಹತ್ತನೆಯ ಸಲ ಕೇಳಿದಾಗ ಅವಳು ಒಪ್ಪುತ್ತಾಳೆ. ಆಗ ಹಿಂದಿನ ಒಂಬತ್ತು ಸಲದ ಕಾಟವೆಲ್ಲ ‘ನಿಜವಾದ ಪ್ರೀತಿ’ಯ ಪುರಾವೆಯಾಗುತ್ತದೆ.

ಇದರ ಅತಿರೇಕ ಹಿಂದಿಯ ‘ರಾಂಝಣಾ’ (2013). ಬನಾರಸಿನ ಹಿಂದೂ ಹುಡುಗ ಮುಸ್ಲಿಂ ಹುಡುಗಿ ಝೋಯಾಳ ಬೆನ್ನು ಬೀಳುತ್ತಾನೆ. ಅವಳು ಮತ್ತೆ ಮತ್ತೆ ಕೆನ್ನೆಗೆ ಹೊಡೆಯುತ್ತಾಳೆ, ಅವನು ಮತ್ತೆ ಮತ್ತೆ ಬರುತ್ತಾನೆ. ಅವಳೆದುರೇ ಕೈ ಕೊಯ್ದುಕೊಳ್ಳುತ್ತಾನೆ. ಚಿತ್ರದ ಮೊದಲ ಭಾಗ ಇದನ್ನೆಲ್ಲ ತಮಾಷೆಯ ಧಾಟಿಯಲ್ಲಿ ತೋರಿಸುತ್ತದೆ. ವಿಚಿತ್ರವೆಂದರೆ ಅದೇ 2013ರಲ್ಲಿ, ದಿಲ್ಲಿಯ ಬಸ್ಸಿನ ಅತ್ಯಾಚಾರದ ನಂತರ, ನಮ್ಮ ದಂಡಸಂಹಿತೆಗೆ 354-ಡಿ ಕಲಮು ಸೇರಿತು. ಹೆಂಗಸು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಪದೇ ಪದೇ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು ಅಪರಾಧವಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 78ನೇ ಕಲಮು; ಮೊದಲ ಸಲದ ತಪ್ಪಿಗೇ ಮೂರು ವರ್ಷದವರೆಗೆ ಸಜೆಯಿದೆ. ಪೊಲೀಸು ಠಾಣೆಯಲ್ಲಿ ಅಪರಾಧವಾದದ್ದು ಟಾಕೀಸಿನಲ್ಲಿ ಹಾಸ್ಯವಾಗಿ ಉಳಿದಿದೆ.

‘ಸಿನಿಮಾ ಬರೀ ಮೋಜು, ಅದನ್ನು ನೋಡಿ ಯಾರು ಕಲಿಯುತ್ತಾರೆ’ ಎನ್ನುವವರಿದ್ದಾರೆ. 2015ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಇಬ್ಬರು ಹೆಂಗಸರ ಬೆನ್ನು ಬಿದ್ದ ಭಾರತೀಯನೊಬ್ಬ ತಪ್ಪೊಪ್ಪಿಕೊಂಡಾಗ, ಹಿಂದಿ ಸಿನಿಮಾ ನೋಡಿ ಬೆಳೆದವನಿಗೆ ಹೀಗೆ ಹಿಂಬಾಲಿಸುವುದು ಸಹಜವೆಂದೇ ಅನ್ನಿಸಿತ್ತು ಎಂದು ಅವನ ವಕೀಲರು ವಾದಿಸಿದರು. ಅವನಿಗೆ ಜೈಲುವಾಸ ತಪ್ಪಿತು. ಆ ವಾದ ನ್ಯಾಯವೋ ಅನ್ಯಾಯವೋ ಬೇರೆ ಮಾತು. ಸಿನಿಮಾದಿಂದ ಯಾರೂ ಏನೂ ಕಲಿಯುವುದಿಲ್ಲ ಎನ್ನುವವರು ಆ ನ್ಯಾಯಾಲಯಕ್ಕೆ ಏನು ಹೇಳುತ್ತಿದ್ದರೋ ಕಾಣೆವು. ಸಿನಿಮಾ ನೋಡಿ ಕೂದಲು ಕತ್ತರಿಸಿಕೊಳ್ಳುವ ಹುಡುಗ, ಅಂಗಿ ಹೊಲಿಸಿಕೊಳ್ಳುವ ಹುಡುಗ, ಹುಡುಗಿಯೊಡನೆ ಮಾತಾಡುವ ರೀತಿಯನ್ನು ಮಾತ್ರ ಬೇರೆಲ್ಲೋ ಕಲಿತು ಬರುತ್ತಾನೆಯೇ?

ಮದೀನಾದ ಬೀದಿಯಲ್ಲಿ ಅತ್ತವನು

ಪ್ರೇಮದ ಹೆಸರೆತ್ತಿದರೆ ಸಾಕು, ಧರ್ಮ ಕೆಟ್ಟಿತು ಎನ್ನುವ ನಮ್ಮ ಹಿರಿಯರಿಗೆ ಒಂದು ಪ್ರಸಂಗವನ್ನು ನೆನಪಿಸಬೇಕು. ಅದು ಅವರಿಗೆ ತಿಳಿಯದ್ದೇನಲ್ಲ. ಬುಖಾರಿಯ ಹದೀಸ್ ಸಂಗ್ರಹದಲ್ಲೇ ಇದೆ. ಬರೀರಾ(ರ) ದಾಸಿಯಾಗಿದ್ದವರು. ಹಝ್ರತ್ ಆಯಿಶಾ(ರ) ಅವರನ್ನು ಕೊಂಡು ಬಿಡುಗಡೆ ಮಾಡಿದರು. ಸ್ವತಂತ್ರಳಾದ ಹೆಣ್ಣಿಗೆ, ದಾಸ್ಯದಲ್ಲಿದ್ದಾಗಿನ ಗಂಡನೊಡನೆ ಇರಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕಿತ್ತು. ಬರೀರಾ ‘ಬೇಡ’ ಎಂದರು. ಗಂಡ ಮುಗೀಸ್(ರ) ಅವರನ್ನು ಬಹಳ ಪ್ರೀತಿಸುತ್ತಿದ್ದವರು. ಮದೀನಾದ ಬೀದಿಗಳಲ್ಲಿ ಆಕೆಯ ಹಿಂದೆ ಅಳುತ್ತಾ ನಡೆದರು. ಕಣ್ಣೀರು ಗಡ್ಡದ ಮೇಲೆ ಇಳಿಯುತ್ತಿತ್ತು.

ಪ್ರವಾದಿ ಮುಹಮ್ಮದ್(ಸ) ಅವರ ಮನಸ್ಸು ಕರಗಿತು. ಅವನ ಬಳಿಗೆ ಮರಳಬಾರದೇ ಎಂದು ಬರೀರಾರನ್ನು ಕೇಳಿದರು. ಇದು ತಮ್ಮ ಆಜ್ಞೆಯೇ ಎಂದು ಆಕೆ ಕೇಳಿದರು. ಆಜ್ಞೆಯಲ್ಲ, ಅವನ ಪರವಾಗಿ ಒಂದು ಮಾತು ಅಷ್ಟೇ ಎಂದರು ಪ್ರವಾದಿ. ಹಾಗಾದರೆ ನನಗೆ ಅವನ ಅಗತ್ಯವಿಲ್ಲ ಎಂದರು ಬರೀರಾ. ಪ್ರಸಂಗ ಅಲ್ಲಿಗೆ ಮುಗಿಯಿತು.

ಇಲ್ಲಿ ಗಮನಿಸಬೇಕಾದ ಅಂಶಗಳನ್ನು ಎಣಿಸಿ. ಮುಗೀಸರ ಪ್ರೀತಿ ಸುಳ್ಳಲ್ಲ. ಅವರನ್ನು ಯಾರೂ ನಗೆಪಾಟಲು ಮಾಡಲಿಲ್ಲ. ಶಿಫಾರಸು ಮಾಡಿದವರು ಸಾಧಾರಣರಲ್ಲ. ಆದರೂ ನಿನ್ನೆ ಮೊನ್ನೆಯವರೆಗೆ ದಾಸಿಯಾಗಿದ್ದ ಒಬ್ಬ ಹೆಣ್ಣಿನ ‘ಬೇಡ’ ಎಂಬ ಮಾತು ನಿಂತಿತು. ನಮ್ಮ ಸಿನಿಮಾದವರ ಕೈಗೆ ಈ ಕಥೆ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಮಳೆ ಸುರಿಸುತ್ತಿದ್ದರು, ಮುಗೀಸರ ಕೈಗೆ ಬ್ಲೇಡು ಕೊಡುತ್ತಿದ್ದರು, ಕೊನೆಗೆ ಬರೀರಾ ಓಡಿಬಂದು ಕಾಲಿಗೆ ಬೀಳುತ್ತಿದ್ದರು. ನಮ್ಮ ಹಿರಿಯರ ಕೈಗೆ ಸಿಕ್ಕಿದ್ದರೂ ಫಲ ಬೇರೆಯಾಗುತ್ತಿರಲಿಲ್ಲ: ‘ಇಷ್ಟು ದೊಡ್ಡವರು ಹೇಳಿದ ಮೇಲೆ ಒಪ್ಪಿಕೊಳ್ಳಮ್ಮಾ’ ಎನ್ನುತ್ತಿದ್ದರು.

ಕಣ್ಣೀರಿನಲ್ಲಿ ಮರೆಯಾದ ಹುಡುಗಿಯರು

ಹುಡುಗಿಯ ‘ಬೇಡ’ ಮಾತ್ರವಲ್ಲ, ‘ಹೂಂ’ ಎಂಬುದೂ ನಮ್ಮ ಚಿತ್ರಗಳಲ್ಲಿ ಲೆಕ್ಕಕ್ಕಿಲ್ಲ. 2006ರ ಕೊನೆಗೆ ಬಂದು ಒಂದು ವರ್ಷಕ್ಕೂ ಹೆಚ್ಚು ಓಡಿದ ‘ಮುಂಗಾರು ಮಳೆ’ಯನ್ನು ತೆಗೆದುಕೊಳ್ಳಿ. ಗಣೇಶ್ ಅವರ ಹರಟೆ, ದೇವದಾಸನೆಂಬ ಮೊಲ, ಕೊಡಗಿನ ಮಳೆ, ಎಲ್ಲವೂ ನಮಗೂ ಪ್ರಿಯವೇ. ಆ ಚಿತ್ರ ಬಂದಾಗ ಕನ್ನಡದ ಹುಡುಗರು ಮತ್ತೆ ಕನ್ನಡ ಚಿತ್ರಗಳ ಕಡೆ ತಿರುಗಿದರು ಎಂಬುದೂ ಸಣ್ಣ ಮಾತಲ್ಲ. ಆದರೆ ಕಥೆ ಏನು ಮಾಡುತ್ತದೆ? ಬೇರೊಬ್ಬನೊಂದಿಗೆ ಮದುವೆ ಗೊತ್ತಾಗಿರುವ ನಂದಿನಿ ಕೊನೆಗೆ ಪ್ರೀತಮನನ್ನು ಒಪ್ಪುತ್ತಾಳೆ. ಅವಳು ಒಪ್ಪಿದ ಮೇಲೆ, ಅವಳ ತಂದೆಯ ನಂಬಿಕೆಯನ್ನೂ ಆರೋಗ್ಯವನ್ನೂ ನೆನೆದು ಪ್ರೀತಮ್ ‘ತ್ಯಾಗ’ ಮಾಡುತ್ತಾನೆ. ಯಾರ ಬಾಳನ್ನು? ಅವಳ ಬಾಳನ್ನು! ಮೊದಲು ತಂದೆ ಅವಳ ಪರವಾಗಿ ನಿರ್ಧರಿಸಿದ್ದ, ಈಗ ಪ್ರಿಯಕರ ನಿರ್ಧರಿಸುತ್ತಾನೆ. ನಾವು ಪ್ರೀತಮನಿಗಾಗಿ ಅಳುತ್ತಾ ಹೊರಬರುತ್ತೇವೆ. ಕೇಳದೆಯೇ ಕೈ ಬದಲಾಯಿಸಿದ ನಂದಿನಿಗಾಗಿ ಅತ್ತವರೆಷ್ಟು?

ಈ ಜಾಣತನ ಹೊಸದಲ್ಲ. ತೆಲುಗಿನ ‘ಮಿಸ್ಸಮ್ಮ’ (1955) ಇಂದಿಗೂ ಅತ್ಯಂತ ಸೊಗಸಾದ ಹಾಸ್ಯಚಿತ್ರಗಳಲ್ಲಿ ಒಂದು. ನಿರುದ್ಯೋಗಿಯಾದ ಹಿಂದೂ ಯುವಕ, ಸಾಲದಲ್ಲಿ ಸಿಕ್ಕಿಕೊಂಡ ಕ್ರೈಸ್ತ ಯುವತಿ ಮೇರಿ. ಗಂಡ ಹೆಂಡತಿ ಇಬ್ಬರೂ ಪದವೀಧರರಾಗಿರಬೇಕೆಂಬ ಒಂದು ಶಾಲೆಯ ನೌಕರಿಗಾಗಿ ದಂಪತಿಗಳೆಂದು ಸುಳ್ಳು ಹೇಳಿ ಒಂದೇ ಮನೆಯಲ್ಲಿ ಇರುತ್ತಾರೆ. ಎನ್.ಟಿ. ರಾಮರಾವ್ ಮತ್ತು ಸಾವಿತ್ರಿ ಅವರ ಮುನಿಸು, ಮಾತಿನ ಚಕಮಕಿ ನೋಡಿಯೇ ಸವಿಯಬೇಕು. ಮೇರಿಗೆ ಸ್ವಂತ ಬುದ್ಧಿಯಿದೆ, ಸಿಟ್ಟಿದೆ, ತನ್ನ ಧರ್ಮದ ಬಗ್ಗೆ ಅಭಿಮಾನವಿದೆ. ನಮ್ಮ ಮೊದಲ ಪ್ರಶ್ನೆಗೆ ಎಪ್ಪತ್ತು ವರ್ಷದ ಹಿಂದೆಯೇ ಉತ್ತರಿಸಿದ ಚಿತ್ರವಿದು. ಆದರೆ ಕೊನೆಯಲ್ಲಿ ಧೈರ್ಯ ಕೈಕೊಟ್ಟಿತು. ಮೇರಿ ಹುಟ್ಟಿನಿಂದ ಕ್ರೈಸ್ತಳಲ್ಲ, ಆ ಊರಿನ ಜಮೀನ್ದಾರರ ಕಳೆದುಹೋದ ಮಗಳು ಮಹಾಲಕ್ಷ್ಮಿ ಎಂಬುದು ಬಯಲಾಗುತ್ತದೆ. ಸಮಸ್ಯೆ ಬಗೆಹರಿಯುತ್ತದೆ. ಎರಡು ಧರ್ಮದವರು ಒಬ್ಬರನ್ನೊಬ್ಬರು ಅರಿತು ನಗುತ್ತಾ ಬಾಳಬಹುದೆಂದು ಎರಡೂವರೆ ತಾಸು ತೋರಿಸಿ, ಕೊನೆಯ ಹತ್ತು ನಿಮಿಷದಲ್ಲಿ ‘ಹೆದರಬೇಡಿ, ಅವಳೂ ನಮ್ಮವಳೇ’ ಎಂದು ಸಮಾಧಾನ ಹೇಳಲಾಯಿತು. ಆದರೂ ನಾವು ಹೇಳುತ್ತೇವೆ: ‘ಮಿಸ್ಸಮ್ಮ’ ನೋಡಿ. ಕೊನೆಯ ಹತ್ತು ನಿಮಿಷದ ಬಗ್ಗೆ ಮನೆಯಲ್ಲಿ ಜಗಳವಾಡಿ. ಜಗಳಕ್ಕೆ ಅವಕಾಶ ಕೊಡುವ ಚಿತ್ರವೂ ಒಳ್ಳೆಯ ಚಿತ್ರವೇ.

ಬೆನ್ನು ಬೀಳುವವನು, ಕಾವಲು ಕೂರುವವನು

ಇದೆಲ್ಲ ಸಿನಿಮಾದ ಮಾತಾಯಿತು, ಬೀದಿಯಲ್ಲಿ ಏನು ನಡೆಯುತ್ತಿದೆ? 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದಕ್ಕೆ ಶ್ರೀರಾಮ ಸೇನೆಯವರು ನುಗ್ಗಿ ಹುಡುಗಿಯರನ್ನು ಹೊಡೆದರು. 2012ರ ಜುಲೈನಲ್ಲಿ ಅದೇ ಊರಿನ ಹೋಮ್‌ಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ದಾಳಿ ನಡೆಯಿತು. ಆಗ ನಾವು ಸಿಟ್ಟಿನಿಂದ ಬರೆದೆವು, ಬರೆಯಬೇಕಾದದ್ದೇ. ಆದರೆ 2023ರ ಮೇ ತಿಂಗಳಲ್ಲಿ ನಮ್ಮ ಚಿಕ್ಕಬಳ್ಳಾಪುರ ಪಟ್ಟಣದಲ್ಲೇ, ತಿಂಡಿ ತಿನ್ನಲು ಕೂತಿದ್ದ ಮುಸ್ಲಿಂ ಹುಡುಗಿ ಮತ್ತು ಹಿಂದೂ ಹುಡುಗನನ್ನು ಕೆಲವು ಮುಸ್ಲಿಂ ಯುವಕರು ಅಡ್ಡಹಾಕಿ ಕಾಡಿದರು. ಅದನ್ನು ಚಿತ್ರೀಕರಿಸಿದ ತುಣುಕು ಊರೂರಿಗೆ ಹರಡಿತು, ಪೊಲೀಸರು ಪ್ರಕರಣ ದಾಖಲಿಸಿದರು. ಮಂಗಳೂರಿನ ಬಗ್ಗೆ ಬರೆದವರು ಚಿಕ್ಕಬಳ್ಳಾಪುರದ ಬಗ್ಗೆ ಬಾಯಿ ಹೊಲಿದುಕೊಂಡರೆ ಅದನ್ನು ನ್ಯಾಯ ಎನ್ನಲಾಗದು. ಹುಡುಗಿಯೊಬ್ಬಳು ಯಾರೊಡನೆ ಕೂತು ತಿಂಡಿ ತಿನ್ನಬೇಕು, ಯಾರ ಮಾತಿಗೆ ನಗಬೇಕು ಎಂದು ತೀರ್ಮಾನಿಸುವ ಅಧಿಕಾರವನ್ನು ಈ ಕಾವಲುಗಾರರಿಗೆ ಕೊಟ್ಟವರು ಯಾರು?

ಬೆನ್ನು ಬೀಳುವ ಹೀರೋ ಮತ್ತು ಕಾವಲು ಕೂರುವ ಸಂಘಟನೆಯ ಹುಡುಗ ಪರಸ್ಪರ ವಿರೋಧಿಗಳಂತೆ ಕಾಣುತ್ತಾರೆ. ಒಬ್ಬ ಪ್ರೇಮದ ಹೆಸರು ಹೇಳುತ್ತಾನೆ, ಇನ್ನೊಬ್ಬ ಮಾನದ ಹೆಸರು ಹೇಳುತ್ತಾನೆ. ನಿಜದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು. ‘ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು’ ಎಂಬುದೇ ಇಬ್ಬರ ಮಂತ್ರ. ಅವಳು ಬೇಡವೆಂದರೂ ಅವನಿಗೆ ಅದು ಹೂಂ ಎಂದು ಕೇಳುತ್ತದೆ. ಅವಳು ಹೂಂ ಎಂದರೂ ಇವನಿಗೆ ಅದು ಮೋಸ ಹೋದದ್ದೆಂದು ಕೇಳುತ್ತದೆ. ಎಷ್ಟೋ ಸಲ ಅವರು ಇಬ್ಬರಲ್ಲ, ಒಬ್ಬನೇ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಪರರ ಹುಡುಗಿಯನ್ನು ನೋಡಿ ಸಿಳ್ಳೆ ಹಾಕಿದವನೇ ಸಂಜೆ ತಂಗಿಯ ಮೊಬೈಲ್ ಕಸಿದುಕೊಳ್ಳುತ್ತಾನೆ. ಆದ್ದರಿಂದಲೇ ಯಾವ ಪ್ರೇಮ-ಹಾಸ್ಯ ನೋಡಬೇಕು ಎಂಬುದು ಬಿಡುವಿನ ವೇಳೆಯ ಹರಟೆಯಲ್ಲ. ಇವನ ಕಿವಿ ತೆರೆಸುವ ಚಿತ್ರ ಯಾವುದು, ಮುಚ್ಚಿಸುವ ಚಿತ್ರ ಯಾವುದು ಎಂಬ ಪ್ರಶ್ನೆ ಅದು.

ನಮ್ದೂಕೆ ನಿಮ್ದೂಕೆ

ಇನ್ನು ಎರಡನೆಯ ಪ್ರಶ್ನೆ: ಯಾರನ್ನು ತೋರಿಸಿ ನಗಿಸುತ್ತಾರೆ? ಕನ್ನಡದ ರಂಗಭೂಮಿಯಲ್ಲೂ ಸಿನಿಮಾದಲ್ಲೂ ದಶಕಗಳಿಂದ ಒಬ್ಬ ಸಾಬಿ ಇದ್ದಾನೆ. ಅವನು ಮೆಕ್ಯಾನಿಕ್, ಕಸಾಯಿ ಇಲ್ಲವೇ ಗುಜರಿ ವ್ಯಾಪಾರಿ. ಮೀಸೆಯಿಲ್ಲದ ಗಡ್ಡ, ಕೊರಳಿಗೆ ತಾಯಿತ, ಬಾಯಿ ತೆರೆದರೆ ‘ನಮ್ದೂಕೆ ನಿಮ್ದೂಕೆ’. ನಾಯಕನ ಪ್ರೇಮಪತ್ರ ತಲುಪಿಸಲು, ನಾಯಕಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಲು ಅವನು ಬೇಕು. ಅವನೇ ಪ್ರೇಮಿಯಾಗಬಾರದು. ಅವನ ಮನೆಯಲ್ಲೊಬ್ಬಳು ಮಗಳಿದ್ದು, ಅವಳೂ ಕಾಲೇಜಿಗೆ ಹೋಗಿ, ಅವಳೂ ಒಂದು ಜಾಣಮಾತು ಆಡಿಯಾಳು ಎಂಬ ಕಲ್ಪನೆಯೇ ನಮ್ಮ ಹಾಸ್ಯಲೇಖಕರಿಗೆ ಬರಲಿಲ್ಲ. ಬಂದರೂ ಅವಳು ಪರದೆಯ ಹಿಂದೆ ಅಳುವವಳು, ನಗಿಸುವವಳಲ್ಲ.

ಮುರುಗಮಲ್ಲದವರ ಕನ್ನಡದಲ್ಲಿ ತೆಲುಗಿನ ಎಳೆತವಿದೆ, ದಖನಿಯ ಲಯವಿದೆ. ಅದನ್ನು ಕೇಳಿ ನಗುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಮೂರು ಭಾಷೆ ಮಾತಾಡುವವರು ತಮ್ಮನ್ನು ತಾವೇ ಎಷ್ಟು ತಮಾಷೆ ಮಾಡಿಕೊಳ್ಳುತ್ತಾರೆಂಬುದನ್ನು ಇಲ್ಲಿನ ಟೀ ಅಂಗಡಿಯಲ್ಲಿ ಅರ್ಧ ತಾಸು ಕೂತವರು ಬಲ್ಲರು. ಹೈದರಾಬಾದಿನವರು ಮಾಡಿದ ‘ದಿ ಅಂಗ್ರೇಜ್’ (2006) ದಖನಿ ಮಾತಾಡುವ ನಮ್ಮ ಮನೆಗಳಲ್ಲಿ ಇಂದಿಗೂ ನಗೆ ಉಕ್ಕಿಸುತ್ತದೆ. ಅಲ್ಲಿ ಹಳೆಯೂರಿನ ಹುಡುಗರ ಸೋಮಾರಿತನ, ಬಡಾಯಿ ಎಲ್ಲವೂ ಗೇಲಿಗೆ ಸಿಗುತ್ತವೆ. ಆದರೆ ಅಲ್ಲಿ ಜೋಕು ಹೇಳುತ್ತಿರುವವರು ಆ ಮಾತಿನ ಒಡೆಯರು. ತನ್ನ ನಾಲಿಗೆಯಿಂದ ತಾನು ನಗಿಸುವುದಕ್ಕೂ ತನ್ನ ನಾಲಿಗೆ ಪರರಿಗೆ ನಗೆಯ ವಸ್ತುವಾಗುವುದಕ್ಕೂ ಇರುವ ಅಂತರ ಮನೆಯವನಿಗೂ ಮನೆಗೆಲಸದವನಿಗೂ ಇರುವ ಅಂತರ.

ಹಾಗಾದರೆ ಯಾವುದು?

ಬೈದು ಮುಗಿಸಿದರೆ ನಾವೂ ಆ ‘ನೋಡಬೇಡಿ’ ಎನ್ನುವವರ ಸಾಲಿಗೇ ಸೇರುತ್ತೇವೆ. ಆದ್ದರಿಂದ ಹೆಸರು ಹೇಳುತ್ತೇವೆ.

ಕನ್ನಡದಲ್ಲಿ ಮೊದಲು ‘ಗಣೇಶನ ಮದುವೆ’ (1990). ಫಣಿ ರಾಮಚಂದ್ರರ ನಿರ್ದೇಶನ, ಅನಂತನಾಗ್ ಮತ್ತು ವಿನಯಾ ಪ್ರಸಾದ್ ಜೋಡಿ. ಒಂದೇ ವಠಾರದಲ್ಲಿ ಬಾಡಿಗೆದಾರ ಮತ್ತು ಮಾಲೀಕನ ಮಗಳು ಕಂಡರೆ ಆಗದಂತೆ ಜಗಳವಾಡುತ್ತಾರೆ. ಯಾರೆಂದು ತಿಳಿಯದೆ ಅದೇ ಇಬ್ಬರು ಕಾಗದಗಳಲ್ಲಿ ಪ್ರೀತಿಸುತ್ತಾರೆ. ಹಾಲಿವುಡ್ಡಿನಲ್ಲಿ 1940ರಲ್ಲಿ ಲುಬಿಷ್ ಮಾಡಿದ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಕೂಡ ಇಂಥದೇ ಹೆಣಿಗೆಯದು. ಇದರ ಸೊಗಸೇನೆಂದರೆ ಇಬ್ಬರೂ ಸಮಸಮವಾಗಿ ಬೈಯುತ್ತಾರೆ, ಸಮಸಮವಾಗಿ ಮೋಸಹೋಗುತ್ತಾರೆ. ಕಾಗದದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಓದಲೇಬೇಕು. ಓದದೆ ಪ್ರೀತಿಸಲು ಸಾಧ್ಯವಿಲ್ಲ. ಬೆನ್ನು ಬೀಳುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಹಿಂದಿಯಲ್ಲಿ ಸಯೀ ಪರಾಂಜಪೆಯವರ ‘ಚಶ್ಮೆ ಬದ್ದೂರ್’ (1981). ಒಂದೇ ಕೋಣೆಯ ಮೂವರು ಗೆಳೆಯರಲ್ಲಿ ಇಬ್ಬರು ಸಾಬೂನು ಮಾರುವ ಹುಡುಗಿಯೊಬ್ಬಳನ್ನು ಒಲಿಸಿಕೊಳ್ಳಲು ಹೋಗಿ ಪೆಟ್ಟು ತಿಂದು ಬರುತ್ತಾರೆ. ಆದರೆ ಗೆಳೆಯರೆದುರು ಸಿನಿಮಾ ಹಾಡಿನ ಧಾಟಿಯಲ್ಲಿ ಇಲ್ಲದ ಸಾಹಸ ಕಟ್ಟಿ ಹೇಳುತ್ತಾರೆ. ಬೀದಿ ಕಾಮಣ್ಣರ ಬಡಾಯಿಯನ್ನು ಇಷ್ಟು ನಯವಾಗಿ ಬಯಲು ಮಾಡಿದ ಚಿತ್ರ ಮತ್ತೊಂದಿಲ್ಲ. ಫಾರೂಕ್ ಶೇಖ್ ಅಲ್ಲಿ ನಾಚುತ್ತಾ, ತಡವರಿಸುತ್ತಾ, ದೀಪ್ತಿ ನವಲ್ ಹೇಳುವುದನ್ನು ಕೇಳಿಸಿಕೊಳ್ಳುತ್ತಾರೆ. ಹೆಂಗಸೊಬ್ಬರು ಕ್ಯಾಮೆರಾ ಹಿಂದೆ ನಿಂತರೆ ನಗೆ ಯಾರ ಕಡೆ ತಿರುಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ತೆಲುಗಿನಲ್ಲಿ ‘ಪೆಳ್ಳಿ ಚೂಪುಲು’ (2016). ತಪ್ಪು ವಿಳಾಸಕ್ಕೆ ಹೆಣ್ಣು ನೋಡಲು ಬಂದ ಹುಡುಗ, ಹುಡುಗಿಯೊಡನೆ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡು ಮಾತಿಗೆ ಕೂರುತ್ತಾನೆ. ಅವನಿಗೆ ಅಡುಗೆ ಇಷ್ಟ, ಅವಳಿಗೆ ವ್ಯಾಪಾರ ಇಷ್ಟ. ಮೊದಲು ಸಂಚಾರಿ ಹೋಟೆಲಿನ ಪಾಲುದಾರಿಕೆ, ಪ್ರೇಮ ಆಮೇಲೆ. ಲೆಕ್ಕಪುಸ್ತಕ ಅವಳ ಕೈಯಲ್ಲಿ, ಒಲೆ ಅವನ ಕೈಯಲ್ಲಿ. ಮಗಳ ಮದುವೆಯ ಚಿಂತೆಯಲ್ಲಿರುವ ಪ್ರತಿಯೊಬ್ಬ ತಂದೆಯೂ ನೋಡಬೇಕಾದ ಚಿತ್ರವಿದು. ಆ ವರ್ಷದ ಉತ್ತಮ ತೆಲುಗು ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿ ಇದಕ್ಕೆ ಬಂದದ್ದು ಸರಿಯಾಗಿಯೇ ಇದೆ.

ಮತ್ತೆ ಕನ್ನಡಕ್ಕೆ ಬಂದರೆ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ (2017). ಬೋಳುತಲೆಯ ಕನ್ನಡ ಉಪನ್ಯಾಸಕನನ್ನು ಹೆಣ್ಣಿನ ಕಡೆಯವರು ಒಬ್ಬರಾದ ಮೇಲೊಬ್ಬರು ಬೇಡವೆನ್ನುತ್ತಾರೆ. ಕೊರಗುವ ಅವನೇ, ದಪ್ಪಗಿರುವ ಸರಳಾ ಎಂಬ ಹುಡುಗಿ ಎದುರಾದಾಗ ಅವಳನ್ನು ಅದೇ ತಕ್ಕಡಿಯಲ್ಲಿ ತೂಗುತ್ತಾನೆ. ನಾವು ಅವನ ತಲೆಯನ್ನು ನೋಡಿ ನಗಲು ಶುರುಮಾಡಿ, ಅವನ ತಲೆಯೊಳಗಿನದ್ದನ್ನು ನೋಡಿ ನಗುವಲ್ಲಿಗೆ ಮುಟ್ಟುತ್ತೇವೆ. ಬಣ್ಣ, ಎತ್ತರ, ವರದಕ್ಷಿಣೆಗಳ ಸಂತೆಯಾಗಿರುವ ನಮ್ಮೆಲ್ಲರ ಹೆಣ್ಣು ನೋಡುವ ಶಾಸ್ತ್ರಕ್ಕೆ ಇದು ಕನ್ನಡಿ.

ಧರ್ಮದ ಕಟ್ಟಳೆಯೊಳಗೆ ಇಂಥ ಚಿತ್ರ ಸಾಧ್ಯವೇ ಎನ್ನುವವರಿಗೆ ಮಲಯಾಳಂನ ‘ಹಲಾಲ್ ಲವ್ ಸ್ಟೋರಿ’ (2020) ಇದೆ. ಮಲಪ್ಪುರಂ ಕಡೆಯ ಧಾರ್ಮಿಕ ಸಂಘಟನೆಯೊಂದು ‘ಹಲಾಲ್’ ಆದ ಚಿತ್ರ ತೆಗೆಯಲು ಹೊರಡುತ್ತದೆ. ಗಂಡ ಹೆಂಡತಿಯಾಗಿ ನಟಿಸುವವರು ನಿಜವಾಗಿಯೂ ಗಂಡ ಹೆಂಡತಿಯಾಗಿರಬೇಕು ಎಂಬುದು ಅವರ ಷರತ್ತು. ಷರತ್ತು ಪಾಲಿಸುತ್ತಾರೆ. ಆದರೆ ನಟಿಸಲು ಕಲಿತ ಹೆಂಡತಿ ಸುಹ್ರಾ, ಗಂಡನಿಗಿಂತ ಒಳ್ಳೆಯ ನಟಿಯಾಗುತ್ತಾಳೆ. ನಿಜಜೀವನದ ದಾಂಪತ್ಯದಲ್ಲಿ ಕೇಳದೆ ಉಳಿದ ಪ್ರಶ್ನೆಗಳನ್ನು ಕೇಳತೊಡಗುತ್ತಾಳೆ. ನಿರ್ದೇಶಕ ಝಕರಿಯಾ ಯಾರನ್ನೂ ಅವಮಾನಿಸದೆ ಎಲ್ಲರನ್ನೂ ನಗುತ್ತಾ ಚಿವುಟುತ್ತಾರೆ.

ಇರಾನಿನ ಕಿಯಾರೊಸ್ತಮಿಯ ‘ಥ್ರೂ ದಿ ಆಲಿವ್ ಟ್ರೀಸ್’ (1994) ಇನ್ನೂ ಒಂದು ಹೆಜ್ಜೆ ಮುಂದೆ. ಭೂಕಂಪದಿಂದ ನಲುಗಿದ ಹಳ್ಳಿಯಲ್ಲಿ ಸಿನಿಮಾ ಚಿತ್ರೀಕರಣ. ಮನೆಯಿಲ್ಲದ, ಓದಿಲ್ಲದ ಗಾರೆ ಕೆಲಸದ ಹುಡುಗ ಓದಿದ ಹುಡುಗಿಯನ್ನು ಮದುವೆಯಾಗೆಂದು ಕಾಡುತ್ತಾನೆ. ಇಲ್ಲೂ ಅವನು ಅವಳ ಹಿಂದೆ ನಡೆಯುತ್ತಾನೆ ನಿಜ. ಆದರೆ ಕೊನೆಗೆ ಕ್ಯಾಮೆರಾ ದೂರದ ಗುಡ್ಡದ ಮೇಲೆ ನಿಂತುಬಿಡುತ್ತದೆ. ಅವಳು ಏನೆಂದಳೋ ನಮಗೆ ಕೇಳಿಸುವುದಿಲ್ಲ. ಅವಳ ಉತ್ತರ ಅವಳದು. ಅದನ್ನು ನಮ್ಮ ಚಪ್ಪಾಳೆಗಾಗಿ ಕಸಿದುಕೊಳ್ಳುವ ಹಕ್ಕು ನಿರ್ದೇಶಕನಿಗೂ ಇಲ್ಲ. ಒಂದೇ ಒಂದು ಸ್ಪರ್ಶವಿಲ್ಲದ ಈ ಚಿತ್ರದ ಸಭ್ಯತೆ ಇರುವುದು ಆ ದೂರದಲ್ಲಿ.

ರಿಮೋಟ್ ಯಾರ ಕೈಯಲ್ಲಿ?

ಒಂದು ಮಾತು ಉಳಿದಿದೆ. ಈ ಪಟ್ಟಿಯನ್ನು ಕತ್ತರಿಸಿಟ್ಟುಕೊಂಡು ಮನೆಯ ಗಂಡಸರು ‘ಇದನ್ನು ನೋಡಿ, ಇದನ್ನು ಬಿಡಿ’ ಎಂದು ಹೆಂಗಸರಿಗೆ ಅಪ್ಪಣೆ ಕೊಡಲು ಹೊರಟರೆ ನಾವು ಬರೆದದ್ದು ವ್ಯರ್ಥ. ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ನೋಡಿದವರಿಗೆ ಗುಲಾಬಿ ನೆನಪಿರಬಹುದು. ವೈದೇಹಿಯವರ ಕಥೆಯಿಂದ ಬಂದ, ಉಮಾಶ್ರೀ ರಾಷ್ಟ್ರಪ್ರಶಸ್ತಿ ಪಡೆದ ಪಾತ್ರ. ಕರಾವಳಿಯ ಬೆಸ್ತರ ನಡುವೆ ಸೂಲಗಿತ್ತಿಯಾಗಿರುವ ಮುಸ್ಲಿಂ ಹೆಣ್ಣು, ಸಿನಿಮಾ ಎಂದರೆ ಪ್ರಾಣ. ಅವಳ ಮನೆಗೆ ಟಿವಿ ಬಂದಾಗ ಊರಿನ ಹೆಂಗಸರು ಜಾತಿ ಮತ ಮರೆತು ಅವಳ ಚಾವಡಿಯಲ್ಲಿ ಕೂತು ನೋಡುತ್ತಾರೆ, ನಗುತ್ತಾರೆ, ತಮ್ಮ ತಮ್ಮ ಸಂಕಟ ಹೇಳಿಕೊಳ್ಳುತ್ತಾರೆ. ಆ ಚಾವಡಿಯನ್ನು ಕೆಡಿಸಿದ್ದು ಸಿನಿಮಾ ಅಲ್ಲ, ಹೊರಗೆ ಬೆಳೆದ ದ್ವೇಷ. ಹೆಂಗಸರು ಒಟ್ಟಿಗೆ ಕೂತು ನಗುವ ಜಾಗವೊಂದು ಊರಿನಲ್ಲಿದ್ದರೆ ಅದು ಎಂಥ ಆಸ್ತಿ ಎಂಬುದು ಕಳೆದುಕೊಂಡ ಮೇಲೆ ತಿಳಿಯುತ್ತದೆ.

ಆದ್ದರಿಂದ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರಗಳ ಓದುಗರಲ್ಲಿ ನಮ್ಮದೊಂದೇ ಬೇಡಿಕೆ. ಮುಂದಿನ ರಜಾದಿನ ಮನೆಯವರೆಲ್ಲ ಒಂದು ಪ್ರೇಮ-ಹಾಸ್ಯದ ಚಿತ್ರ ನೋಡಲು ಕೂರಿ. ಯಾವುದೆಂದು ಆರಿಸುವ ಕೆಲಸವನ್ನು ಮನೆಯ ಹುಡುಗಿಗೆ ಬಿಡಿ. ಅವಳು ಎಲ್ಲಿ ನಗುತ್ತಾಳೆ, ನೀವು ನಗುವಾಗ ಎಲ್ಲಿ ಸುಮ್ಮನಿರುತ್ತಾಳೆ ಎಂಬುದನ್ನು ಗಮನಿಸಿ. ಅವಳು ಸುಮ್ಮನಿದ್ದ ಕಡೆ ಏಕೆಂದು ಕೇಳಿ. ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಿ. ಯಾವ ಚಿತ್ರ ನೋಡತಕ್ಕದ್ದು ಎಂಬುದು ಆಮೇಲೆ ನಮ್ಮನ್ನು ಕೇಳುವ ಅಗತ್ಯವಿರುವುದಿಲ್ಲ.